ಇದು ಇವನ ಅಳುವೇನಮ್ಮಾ?

ಅವನು ತೀರಿಕೊಂಡ ಸುದ್ದಿಯನ್ನು ಫೋನಿನಲ್ಲಿ ಕೇಳಿದಾಗ ನನ್ನ ಬಾಯಿಂದ ಬಂದ ಮೊದಲ ಮಾತು, "ಇದರಲ್ಲೂ ನನಗಿಂತ ಮುಂದೆ ಹೋದನಲ್ಲ!" ಆ ಕಡೆ ಇದ್ದ ಹುಡುಗ ಅದನ್ನು ದುಃಖವೆಂದು ತಿಳಿದು, "ಸಮಾಧಾನ ಮಾಡ್ಕೊಳಿ ಸಾರ್" ಎಂದ. ನಾನು ಸಮಾಧಾನ ಮಾಡಿಕೊಂಡವನಂತೆ ಫೋನ್ ಇಟ್ಟೆ.

ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಎನ್ನುತ್ತಾಳೆ ನನ್ನ ಹೆಂಡತಿ. ನನ್ನ ಕಷ್ಟ ಅದಲ್ಲ. ಅವನ ಬಗ್ಗೆ ಬರೆಯಲು ಹೋದರೆ ಒಳ್ಳೆಯದೇ ಬರುತ್ತದೆ, ಅದನ್ನೇ ನನಗೆ ತಡೆಯಲಾಗದು. ಒಂದು ಕೆಟ್ಟ ಚಟ, ಒಂದು ಸಣ್ಣತನ, ಒಂದು ಬಡಾಯಿ ಸಿಕ್ಕಿದ್ದರೆ ಇಷ್ಟು ವರ್ಷ ಹೊಟ್ಟೆ ಉರಿಸಿಕೊಳ್ಳುವ ಬದಲು ಬೈದುಕೊಂಡು ಹಾಯಾಗಿರುತ್ತಿದ್ದೆ. ಚಟ ಅಂತ ಇದ್ದದ್ದು ನಸ್ಯವೊಂದೇ. ಅದನ್ನೂ ಅವನು ಔಷಧಿ ಮಾಡಿಕೊಂಡಿದ್ದ. ಆ ಕಥೆ ಮುಂದೆ ಹೇಳುತ್ತೇನೆ.

ನಾವಿಬ್ಬರೂ ಒಂದೇ ವರ್ಷ ಡಾಕ್ಟರಿಕೆ ಪಾಸಾದವರು. ಬರೀ ಪಾಸಾದದ್ದು ಅವನು, ಪದಕ ತೆಗೆದುಕೊಂಡದ್ದು ನಾನು. ಇಬ್ಬರಿಗೂ ಹೌಸ್ ಸರ್ಜನ್ ಕೆಲಸ ಸಿಕ್ಕಿದ್ದು ಯಶವಂತಪುರದ ರೈಲ್ವೆ ಗೇಟು ದಾಟಿದ ಮೇಲೆ ಇದ್ದ ಒಂದು ಸಣ್ಣ ಆಸ್ಪತ್ರೆಯಲ್ಲಿ. ಐವತ್ತರ ದಶಕದ ಮಾತು. ಆಗ ಗೇಟಿನಿಂದಾಚೆ ಊರು ಮುಗಿದುಹೋಗುತ್ತಿತ್ತು. ಹೆಬ್ಬಾಳದ ದ್ರಾಕ್ಷಿ ತೋಟಗಳಿಂದ, ಯಲಹಂಕದಿಂದ, ಪುಟ್ಟೇನಹಳ್ಳಿ ಕೆರೆಯ ಕಡೆಯಿಂದ ಜನ ಎತ್ತಿನಗಾಡಿಯಲ್ಲೋ, ಸಂತೆಗೆ ಬರುವ ಕೋಸಿನ ಮೂಟೆಗಳ ಮೇಲೋ ಮಕ್ಕಳನ್ನು ಮಲಗಿಸಿಕೊಂಡು ಬರುತ್ತಿದ್ದರು. ಗೇಟು ಹಾಕಿದ್ದರೆ ಗೂಡ್ಸ್ ಗಾಡಿ ಹೋಗುವ ತನಕ ಮಗುವನ್ನೆತ್ತಿಕೊಂಡು ನಿಂತಿರಬೇಕು. ಅವರು ಕ್ಯಾಶುಯಾಲ್ಟಿಗೆ ತಲುಪುವ ಹೊತ್ತಿಗೆ ನಮಗೆ ಯೋಚನೆ ಮಾಡುವಷ್ಟು ಸಮಯ ಉಳಿದಿರುತ್ತಿರಲಿಲ್ಲ.

ನೋಡುವುದಕ್ಕೆ ಅವನು ಡಾಕ್ಟರನಂತೆ ಇರಲೇ ಇಲ್ಲ. ಕಪ್ಪಗೆ, ಸಣ್ಣಗೆ, ಒಂದು ಭುಜ ಇನ್ನೊಂದಕ್ಕಿಂತ ಸ್ವಲ್ಪ ಇಳಿದಿತ್ತು. ಬಿಳಿ ಕೋಟನ್ನು ಬಾಗಿಲ ಮೊಳೆಗೆ ನೇತುಹಾಕಿ ಬರೀ ಅಂಗಿಯಲ್ಲಿ ಓಡಾಡುತ್ತಿದ್ದ. "ಕೋಟು ಕಂಡ್ರೆ ಸೂಜಿ ಚುಚ್ಚೋನು ಬಂದ ಅಂತ ಅಳ್ತವೆ ಕಣೋ. ಕತ್ತಿ ಹಿಡ್ಕೊಂಡು ಬಂದೋನ ಹತ್ರ ನೀನು ಎದೆ ತೋರಿಸ್ತೀಯೇನೋ?" ಸ್ಟೆತಸ್ಕೋಪಿನ ಬಿಲ್ಲೆಯನ್ನು ಅಂಗಿಯೊಳಗೆ ಹೊಟ್ಟೆಗೆ ಒತ್ತಿಟ್ಟುಕೊಂಡಿರುತ್ತಿದ್ದ, ಬೆಚ್ಚಗಿರಲಿ ಎಂದು. ನನ್ನ ಕೋಟು ಗಂಜಿ ಹಾಕಿ ಇಸ್ತ್ರಿ ಮಾಡಿದ್ದು, ನನ್ನ ಸ್ಟೆತಸ್ಕೋಪು ಹೊಸದು. ಮಕ್ಕಳು ನನ್ನನ್ನು ಕಂಡರೆ ಬೀದಿಗೆ ಕೇಳುವಂತೆ ಕಿರುಚುತ್ತಿದ್ದವು.

ಈಗ ನಸ್ಯದ ಕಥೆ. ಒಂದು ಮಧ್ಯಾಹ್ನ ಅಳಗುಳಿಮಣೆ ಆಡುತ್ತ ಆಡುತ್ತ ಹುಣಸೆಬೀಜವನ್ನು ಮೂಗಿಗೆ ತುರುಕಿಕೊಂಡ ಹುಡುಗಿಯೊಬ್ಬಳನ್ನು ತಂದರು. ನಾನು ಮೇಜು ಸಿದ್ಧ ಮಾಡಿಸಿದೆ. ದೀಪ ತರಿಸಿದೆ, ಇಕ್ಕಳ ಕುದಿಸಲು ಹೇಳಿದೆ, ಹುಡುಗಿಯ ಕೈಕಾಲು ಹಿಡಿಯಲು ಇಬ್ಬರನ್ನು ನಿಲ್ಲಿಸಿದೆ. ಅವಳು ಇಡೀ ಆಸ್ಪತ್ರೆಯನ್ನು ಎಬ್ಬಿಸಿದಳು. ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಬಂದ ಅವನು, "ಯಾವ ಹೊಳ್ಳೆ ಪುಟ್ಟಾ? ಇನ್ನೊಂದನ್ನ ತೋರ್ಸು" ಎಂದು ಡಬ್ಬಿ ತೆಗೆದು ಒಂದು ಚಿಟಿಕೆ ನಸ್ಯ ಅವಳ ತೆರೆದ ಹೊಳ್ಳೆಯ ಹತ್ತಿರ ಹಿಡಿದ. ಅವಳು ಸೀನಿದ ರಭಸಕ್ಕೆ ಬೀಜ ಹಾರಿ ಬಂದು ನನ್ನ ಗಂಜಿ ಕೋಟಿನ ಎದೆಗೆ ಅಂಟಿಕೊಂಡಿತು. ಹುಡುಗಿ ನಕ್ಕಳು. ಅವಳಪ್ಪ ನಕ್ಕ. ಇಕ್ಕಳ ಹಿಡಿದುಕೊಂಡು ಬಂದ ನರ್ಸಮ್ಮ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಅವನು ಮಾತ್ರ ನಗಲಿಲ್ಲ, ನನ್ನ ಕೋಟಿನಿಂದ ಬೀಜವನ್ನು ಮೆಲ್ಲಗೆ ಬಿಡಿಸಿ, ತೊಳೆದು, ಹುಡುಗಿಯ ಕೈಗಿಟ್ಟು, "ಆಟಕ್ಕೆ ಒಂದು ಕಡಿಮೆ ಆಗುತ್ತೆ, ತಗೊಂಡೋಗು" ಎಂದ. ನಕ್ಕಿದ್ದರೆ ಅವನನ್ನು ಕ್ಷಮಿಸಿಬಿಡುತ್ತಿದ್ದೆನೋ ಏನೋ.

ಅದಕ್ಕೂ ಮೊದಲೇ ನಡೆದ ಇನ್ನೊಂದು ಪ್ರಸಂಗ ಇದೆ. ನನ್ನ ಇಡೀ ತಕರಾರು ಅದರ ಮೇಲೆಯೇ ನಿಂತಿರುವುದರಿಂದ ಬಿಡಿಸಿ ಹೇಳುತ್ತೇನೆ. ನಾವು ಕೆಲಸಕ್ಕೆ ಸೇರಿದ ಹೊಸತು. ಬೆಳಿಗ್ಗೆ ಹೊತ್ತು. ಪುಟ್ಟೇನಹಳ್ಳಿಯ ಹೆಂಗಸೊಬ್ಬಳು ಜ್ವರದ ಮಗುವನ್ನು ತಂದಿದ್ದಳು. ನಾನು ಎದೆಗೆ ಸ್ಟೆತಸ್ಕೋಪು ಇಟ್ಟರೆ ಮಗು ಅಳು, ತೆಗೆದರೆ ಅಳು. ಎದೆಯ ಸದ್ದು ಒಂದೂ ಕೇಳಿಸುತ್ತಿಲ್ಲ. ಹೊರಗೆ ಇನ್ನೂ ಉದ್ದ ಸಾಲು. ರೇಗಿಹೋಗಿ, "ಏನಮ್ಮಾ ಇದು, ಇವನು ಯಾವಾಗ್ಲೂ ಹಿಂಗೇ ಅಳ್ತಾನಾ? ಇದು ಇವನ ಅಳುವೇನಮ್ಮಾ?" ಎಂದೆ.

ಅವಳು ಬೆದರಿ ನನ್ನ ಮುಖ ನೋಡಿದಳು. "ಇಲ್ಲ ಸಾಮಿ, ನನ್ ಮಗ ಇಂಗ್ ಅಳಾಕಿಲ್ಲ. ನೆನ್ನೆ ಸಂಜಿಂದ ಇಂಗೇ. ಇದು ಅವನ್ ಅಳಾನೇ ಅಲ್ಲ. ಯಾರೋ ಒಳಗ್ ಕುಂತು ಅಳ್ತಾವ್ರೆ."

ಪಕ್ಕದ ಮೇಜಿನಲ್ಲಿ ಗಾಯಕ್ಕೆ ಬಟ್ಟೆ ಕಟ್ಟುತ್ತಿದ್ದ ಅವನ ಕೈ ಅಲ್ಲಿಗೇ ನಿಂತಿತು. ಎದ್ದು ಬಂದ. ಮಗುವನ್ನು ತಾಯಿಯ ತೊಡೆಯಿಂದ ಎತ್ತದೆಯೇ, ಅದು ಅಳಲು ಬಾಯಿ ತೆರೆದಾಗ ಟಾರ್ಚು ಬಿಟ್ಟ. ಗಂಟಲಲ್ಲಿ ಬೂದು ಬಣ್ಣದ ಪೊರೆ ಕಟ್ಟಿತ್ತು. ಗಂಟಲಮಾರಿ. ಇನ್ನು ಸ್ವಲ್ಪ ಹೊತ್ತಾಗಿದ್ದರೆ ಉಸಿರು ಕಟ್ಟಿ ಹೋಗುತ್ತಿತ್ತು. ದೊಡ್ಡ ಡಾಕ್ಟರು ಓಡಿಬಂದು ಕತ್ತಿನಲ್ಲಿ ತೂತು ಮಾಡಿ ಕೊಳವೆ ಇಟ್ಟರು, ಸೀರಮ್ ಕೊಟ್ಟರು, ಮಗು ಉಳಿಯಿತು. ಆಮೇಲೆ ಕೈ ತೊಳೆಯುವಾಗ ಅವನು ನನ್ನ ಬೆನ್ನಿಗೊಂದು ಗುದ್ದಿ, "ಎಂಥಾ ಪ್ರಶ್ನೆ ಕೇಳ್ದೆ ಕಣೋ! ಯಾವ ಪುಸ್ತಕದಲ್ಲೂ ಇಲ್ಲ ಅದು" ಎಂದ. ಗೇಲಿ ಮಾಡುತ್ತಿದ್ದಾನೆ ಎಂದುಕೊಂಡು ನಾನು ಸಾಲಿನಲ್ಲಿದ್ದ ಮುಂದಿನ ಮಗುವನ್ನು ಕರೆದೆ.

ರೇಗಿ ಕೇಳಿದ್ದು ನಿಜ. ಆದರೆ ಬಾಯಿ ನನ್ನದು, ಪ್ರಶ್ನೆ ನನ್ನದು. ಮರಕ್ಕೆ ಕಲ್ಲು ಹೊಡೆದವನು ಕಾಗೆಗೆ ಹೊಡೆದಿರಬಹುದು, ಬಿದ್ದ ಮಾವಿನಕಾಯಿ ಅವನದೇ ಅಲ್ಲವೆ?

ಅದಾದ ಮೇಲೆ ನಾನು ಹಡಗು ಹತ್ತಿ ಇಂಗ್ಲೆಂಡಿಗೆ ಹೋದೆ. ಮಕ್ಕಳ ವೈದ್ಯದಲ್ಲಿ ಡಿಪ್ಲೊಮಾ ಮಾಡಿದೆ. ಚಳಿಯಲ್ಲಿ ನಡುಗುತ್ತ, ಬೇಯಿಸಿದ ಆಲೂಗಡ್ಡೆ ತಿನ್ನುತ್ತ ನಾನು ಕಂಡ ಕನಸು ಒಂದೇ: ಊರಿಗೆ ಹೋಗಿ ಮಕ್ಕಳ ವಿಭಾಗದ ಮುಖ್ಯಸ್ಥನಾಗಬೇಕು, ಕಿರಿಯ ಡಾಕ್ಟರುಗಳನ್ನು ತಯಾರು ಮಾಡಬೇಕು, ಅವರಲ್ಲಿ ಒಬ್ಬರಾದರೂ ಎಲ್ಲಾದರೂ ನಿಂತು, 'ಇದನ್ನು ನಾನು ಇವರಿಂದ ಕಲಿತೆ' ಎನ್ನಬೇಕು. ಬಂಗಲೆ ಬೇಕಿರಲಿಲ್ಲ, ಕಾರು ಬೇಕಿರಲಿಲ್ಲ. ಆ ಒಂದು ಮಾತು ಬೇಕಿತ್ತು.

ಅರವತ್ತರ ದಶಕದ ಆರಂಭದಲ್ಲಿ ವಾಪಸಾದೆ. ನಮ್ಮ ಹಳೆಯ ಆಸ್ಪತ್ರೆಯಲ್ಲೇ ಮುಖ್ಯಸ್ಥನ ಕುರ್ಚಿ ಸಿಕ್ಕಿತು. ಅವನು ಅದೇ ಕ್ಯಾಶುಯಾಲ್ಟಿಯಲ್ಲಿ ಅದೇ ಅಂಗಿಯಲ್ಲಿ ಇದ್ದ. ಡಿಪ್ಲೊಮಾ ಇಲ್ಲ, ಬಡ್ತಿ ಇಲ್ಲ. ಕಾಗದದ ಮೇಲೆ ನನ್ನ ಕೈಕೆಳಗಿನವನು. ಕೈಕೆಳಗಿನವನ ಮೇಲೆ ಹೊಟ್ಟೆಕಿಚ್ಚು ಪಡುವ ಮೇಲಧಿಕಾರಿಯ ಪಾಡು ಎಂಥದ್ದು ಎಂದು ಅನುಭವಿಸಿದವರಿಗೇ ಗೊತ್ತು. ಮೇಲಿನವನ ಮೇಲಾದರೆ ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದು. ಇದನ್ನು ಹೆಂಡತಿಗೂ ಹೇಳುವಂತಿಲ್ಲ.

ನಾನು ವಾರಕ್ಕೊಮ್ಮೆ ಹೌಸ್ ಸರ್ಜನ್‌ಗಳಿಗೆ ಪಾಠ ಇಟ್ಟೆ. ಕಪ್ಪುಹಲಗೆ, ಬಣ್ಣದ ಸೀಮೆಸುಣ್ಣ, ಮಕ್ಕಳ ಎದೆಯ ಚಿತ್ರ. ಹುಡುಗರು ಶಿಸ್ತಾಗಿ ಬಂದು ಶಿಸ್ತಾಗಿ ತೂಕಡಿಸುತ್ತಿದ್ದರು. ಪಾಠ ಮುಗಿದ ಕೂಡಲೇ ಕಣ್ಣುಜ್ಜಿಕೊಂಡು ದಡದಡ ಕೆಳಗಿಳಿದು ಕ್ಯಾಶುಯಾಲ್ಟಿಯ ಬೆಂಚಿಗೆ ಓಡುತ್ತಿದ್ದರು. ಅಲ್ಲಿ ಅವನ ಪಾಠ. ಒಂದು ದಿನ ಏನು ಮಾಡುತ್ತಾರೆ ನೋಡೋಣವೆಂದು ನಾನೂ ಇಳಿದುಹೋದೆ. ಬೆಂಚಿನ ಮೇಲೆ ಮುತ್ತುಗದ ಎಲೆ ಹರಡಿತ್ತು, ಅದರ ಮೇಲೆ ಎಳೆ ಆಡುಮರಿಯ ಉಸಿರುಗೊಳವೆ. ಮಾಂಸದಂಗಡಿಯಿಂದ ಕಟ್ಟಿಸಿಕೊಂಡು ಬಂದಿದ್ದ. ತೊಗರಿಬೇಳೆ ಹುಳಿಯ ಮನೆಯಲ್ಲಿ ಬೆಳೆದ ನಾನು ಎರಡು ಹೆಜ್ಜೆ ಹಿಂದೆ ಸರಿದು ನಿಂತೆ.

"ಎಳೇ ಮಗುವಿನದೂ ಇಷ್ಟೇ ಇರುತ್ತೆ ಕಣ್ರಪ್ಪಾ, ಮುಟ್ಟಿ ನೋಡಿ" ಎನ್ನುತ್ತಿದ್ದ. ಅದರ ಮೇಲೆ ದಪ್ಪನೆಯ ಒದ್ದೆ ಬಟ್ಟೆ ಹೊದಿಸಿ, ಒಬ್ಬ ಹುಡುಗನ ಕಣ್ಣಿಗೆ ಕರವಸ್ತ್ರ ಕಟ್ಟಿದ. "ಮಗು ಕತ್ತು ಅಂದ್ರೆ ಬರೀ ಮಡಿಕೆ, ಬರೀ ಕೊಬ್ಬು. ಅಲ್ಲಿ ಕಣ್ಣು ಕೆಲಸಕ್ಕೆ ಬರಲ್ಲ. ಬೆರಳು ನೋಡ್ಬೇಕು. ಉಸಿರು ಕಟ್ಟಿದಾಗ ತೂತು ಮಾಡ್ಬೇಕಾದ ಉಂಗುರ ಎಲ್ಲಿದೆ ಹೇಳು?" ಆ ಹುಡುಗ ತಡಕಿದ, ತಪ್ಪಿದ, ಮತ್ತೆ ತಡಕಿದ. ಯಾರೂ ತೂಕಡಿಸುತ್ತಿರಲಿಲ್ಲ. ಅವನು ನನ್ನನ್ನು ಕಂಡು, "ಬಾರೋ, ನೀನೂ ಒಂದ್ಸಲ ನೋಡು" ಎಂದ. ಹುಡುಗರ ಮುಂದೆ 'ಬಾರೋ'! ಮುಖ್ಯಸ್ಥನನ್ನು! ನಾನು ಕೆಲಸವಿದೆ ಎಂದು ಮೇಲೆ ಹತ್ತಿಬಂದೆ. ಬರುವಾಗ ಮೆಟ್ಟಿಲ ಮೇಲೆ ನನ್ನ ಕತ್ತನ್ನು ನಾನೇ ತಡಕಿ ನೋಡಿಕೊಂಡೆ.

ಇನ್ನೊಂದು ಸಲ ಹೀಗಾಯಿತು. ವಾಂತಿಭೇದಿಯಾಗಿ ಸೊರಗಿದ ಕೂಸನ್ನು ಅಜ್ಜಿಯೊಬ್ಬಳು ತಂದಿದ್ದಳು. ನೆತ್ತಿಯ ಮೇಲೆ ಹರಳೆಣ್ಣೆಯಲ್ಲಿ ಅದ್ದಿದ ವೀಳ್ಯದೆಲೆ ಮೆತ್ತಿತ್ತು. ನಮ್ಮ ಕಡೆ ನೆತ್ತಿ ಬಿದ್ದರೆ ಹಾಗೆ ಮಾಡುವುದು ವಾಡಿಕೆ. ಹೊಸದಾಗಿ ಬಂದಿದ್ದ ಹೌಸ್ ಸರ್ಜನ್ ಹುಡುಗಿ, ಪೇಟೆಯಲ್ಲಿ ಬೆಳೆದವಳು, "ಏನಜ್ಜಿ ಇದು ಗಲೀಜು" ಎಂದು ಮುಖ ಸಿಂಡರಿಸಿ ಹೊಟ್ಟೆ ಮುಟ್ಟಲು ಹೋದಳು. ಅವನು ಎಲೆಯನ್ನು ಮೆಲ್ಲಗೆ ಎತ್ತಿ, ಅವಳ ಬೆರಳನ್ನು ಹಿಡಿದು ಗುಳಿ ಬಿದ್ದ ನೆತ್ತಿಯ ಮೇಲಿಟ್ಟ. "ಮೈಯಲ್ಲಿ ನೀರು ಬತ್ತಿಹೋಗಿದೆ ಅಂತ ಅಜ್ಜಿ ಇಲ್ಲಿ ಗುರುತು ಹಾಕಿ ಕಳಿಸಿದಾರೆ ಕಣಮ್ಮಾ. ಎಲೆ ಎಲ್ಲಿದೆಯೋ ಅಲ್ಲಿ ಮೊದಲು ನೋಡು. ಎಲೆ ಹಾಕಿದ್ದಕ್ಕೆ ಆಮೇಲೆ ಬೇಕಾದ್ರೆ ಬೈಯಿ." ನಾನು ಹಿಂದಿನ ವಾರವೇ ಮೈಯಲ್ಲಿ ನೀರು ಬತ್ತುವುದರ ಬಗ್ಗೆ ಪಾಠ ಮಾಡಿದ್ದೆ, ಅದೇ ಹುಡುಗಿ ಮುಂದಿನ ಸಾಲಿನಲ್ಲಿ ಕೂತಿದ್ದಳು. ಅವಳ ಮುಖದಲ್ಲಿ ಆಗ ಮೂಡಿದ ಬೆಳಕು ನನ್ನ ಪಾಠದಲ್ಲಿ ಒಂದು ದಿನವೂ ಮೂಡಿರಲಿಲ್ಲ. ಆ ಹುಡುಗಿಯನ್ನು ನೆನಪಿಟ್ಟುಕೊಳ್ಳಿ.

ಮನೆಯೊಳಗೂ ಅವನು ಬಂದ. ನನ್ನ ಮಗಳಿಗೆ ಜ್ವರ ಏರಿ ಫಿಟ್ಸ್ ಬಂದ ದಿನ ನಾನು ಎದುರಿಗೇ ಇದ್ದೆ. ಏನು ಮಾಡಬೇಕೋ ಅದನ್ನೇ ಮಾಡುತ್ತಿದ್ದೆ. ಆದರೂ ನನ್ನ ಹೆಂಡತಿ ಬಾಗಿಲಿಗೆ ಓಡಿ ಪಕ್ಕದ ಮನೆಯವರಿಗೆ, "ಅವರನ್ನ ಕರೀರಿ, ಬೇಗ ಕರೀರಿ" ಎಂದು ಕೂಗಿದಳು.

"ನಾನಿಲ್ವೇನೆ ಇಲ್ಲಿ?" ಎಂದೆ.

"ನೀವಿದ್ದೀರಿ. ಮಕ್ಕಳ ಡಾಕ್ಟ್ರು ಬೇಕಲ್ಲಾ?" ಎಂದಳು. ಮಕ್ಕಳ ವಿಭಾಗದ ಮುಖ್ಯಸ್ಥನ ಹೆಂಡತಿ ಆಡಿದ ಮಾತು ಇದು. ಅವನು ಸೈಕಲ್ ತುಳಿದುಕೊಂಡು ಬರುವ ಹೊತ್ತಿಗೆ ಫಿಟ್ಸ್ ನಿಂತಿತ್ತು. ಮಗುವನ್ನೊಮ್ಮೆ ನೋಡಿ, "ಎಲ್ಲಾ ಇವನೇ ಮಾಡಿದಾನಲ್ಲಮ್ಮಾ, ನಾನು ಮಾಡೋದೇನೂ ಉಳಿದಿಲ್ಲ" ಎಂದು ಕಾಫಿ ಕುಡಿದು ಹೋದ. ಅವನು ಹಾಗೆಂದ ಮೇಲೆ ನನ್ನ ಹೆಂಡತಿಗೆ ಧೈರ್ಯ ಬಂತು. ನಾನು ಮಾಡಿದ್ದು ಸರಿ ಎಂದು ಅವಳು ನಂಬಿದ್ದು ಅವನ ಬಾಯಿಂದ ಬಂದ ಮೇಲೆ.

ಇಷ್ಟೆಲ್ಲವನ್ನೂ ಹೇಗೋ ನುಂಗಿಕೊಂಡಿದ್ದೆ. ನುಂಗಲಾಗದ್ದು ಇನ್ನೊಂದಿತ್ತು. ಇಂಗ್ಲೆಂಡಿನಿಂದ ಬಂದ ಮೊದಲ ವಾರವೇ ಕ್ಯಾಶುಯಾಲ್ಟಿಯ ಮುಂದೆ ಹಾದುಹೋಗುತ್ತಿದ್ದೆ. ಒಳಗೆ ಹೌಸ್ ಸರ್ಜನ್ ಹುಡುಗನೊಬ್ಬ, ಅಳುವ ಮಗುವನ್ನು ಮುಟ್ಟುವ ಮೊದಲೇ ತಾಯಿಯನ್ನು ಕೇಳುತ್ತಿದ್ದ: "ಇದು ಇವನ ಅಳುವೇನಮ್ಮಾ?"

ನಾನು ನಿಂತುಬಿಟ್ಟೆ. ಆಮೇಲೆ ಗಮನಿಸಿದರೆ ಎಲ್ಲರೂ ಕೇಳುತ್ತಿದ್ದರು. ಹೆಸರು, ಊರು ಕೇಳುವುದಕ್ಕೂ ಮೊದಲು ಆ ಪ್ರಶ್ನೆ. ಅಳು ಮಗುವಿನದೇ ಎಂದರೆ ಒಂದು ದಾರಿ. ಅಲ್ಲ ಎಂದರೆ ಬೇರೆಲ್ಲ ಬಿಟ್ಟು ಗಂಟಲು ನೋಡು, ಕತ್ತು ಬಗ್ಗಿಸಿ ನೋಡು, ಹಿರಿಯರನ್ನು ಕೂಗು. "ಯಾರಪ್ಪಾ ಹೇಳಿಕೊಟ್ಟದ್ದು?" ಎಂದರೆ, "ಸಾರ್ ಹೇಳ್ಕೊಟ್ಟಿದ್ದು ಸಾರ್." ಆ ಮೊದಲನೆಯ ಸಾರ್ ಯಾರು ಎಂದು ಕೇಳುವ ಅಗತ್ಯವಿರಲಿಲ್ಲ. ವಿಲಾಯಿತಿಯಿಂದ ತಂದ ನನ್ನ ಅಷ್ಟೂ ವಿದ್ಯೆ ಕಪ್ಪುಹಲಗೆಯ ಮೇಲೆ ಅಳಿಸಿಹೋಗುತ್ತಿತ್ತು. ನಾನು ರೇಗಿ ಆಡಿದ ಒಂದು ಮಾತು ಮಾತ್ರ ಆಸ್ಪತ್ರೆಯಲ್ಲೆಲ್ಲ ಓಡಾಡುತ್ತಿತ್ತು, ಅವನ ಹೆಸರಿನಲ್ಲಿ.

ಕಳ್ಳ, ಎಂದುಕೊಂಡೆ. ಕೊನೆಗೂ ಒಂದು ದೋಷ ಸಿಕ್ಕಿತು ಎಂದು ಒಳಗೊಳಗೇ ಸಂತೋಷವೂ ಆಯಿತು. ಆದರೆ ಕೇಳುವುದು ಹೇಗೆ? ಬುಗುರಿ ಕಿತ್ತುಕೊಂಡ ಎಂದು ಅಳುವ ಹುಡುಗನಂತೆ, 'ಆ ಪ್ರಶ್ನೆ ನಂದು' ಎಂದು ಮುಖ್ಯಸ್ಥನಾದವನು ಹೇಳಲಾದೀತೆ? ಒಮ್ಮೆ ಮಾತ್ರ, ಇಬ್ಬರೇ ಕಾಫಿ ಕುಡಿಯುವಾಗ, ಆಕಸ್ಮಿಕವಾಗಿ ನೆನಪಾದಂತೆ ನಟಿಸಿ ಕೇಳಿದೆ. "ಅಲ್ಲಯ್ಯಾ, ಹುಡುಗರು ಏನೋ ಒಂದು ಪ್ರಶ್ನೆ ಕೇಳ್ತಾರಲ್ಲ ಅಳುವಿನ ಬಗ್ಗೆ. ಅದು ಎಲ್ಲಿಂದ ಬಂತು?"

ಅವನು ಲೋಟ ಕೆಳಗಿಟ್ಟು ನನ್ನನ್ನು ನೋಡಿ ಜೋರಾಗಿ ನಕ್ಕ. "ನಿನಗೆ ನೆನಪೇ ಇಲ್ವೇನೋ?" ಎಂದ. ಅಷ್ಟರಲ್ಲಿ ದ್ರಾಕ್ಷಿ ತೋಟದಲ್ಲಿ ಸಿಂಪಡಿಸಲು ಕಲಸಿಟ್ಟ ಮೈಲುತುತ್ತದ ನೀರು ಕುಡಿದ ಮಗುವೊಂದನ್ನು ಹೊತ್ತುಕೊಂಡು ಬಂದರು. ತುಟಿಯೆಲ್ಲ ನೀಲಿಯಾಗಿತ್ತು. ಅವನು ಓಡಿದ. ಆ ಮಾತು ಅಲ್ಲಿಗೇ ನಿಂತಿತು, ಮತ್ತೆಂದೂ ಮುಂದುವರಿಯಲಿಲ್ಲ. ಆ ನಗುವನ್ನು ನಾನು ಕಳ್ಳನ ಭಂಡತನ ಎಂದೇ ಲೆಕ್ಕ ಹಿಡಿದೆ. ನಾನು ನಿವೃತ್ತನಾದೆ, ಅವನೂ ಆದ. ಹಬ್ಬಕ್ಕೆ ಹೋಳಿಗೆ ಹೋಗುತ್ತಿತ್ತು, ಬರುತ್ತಿತ್ತು. ಲೆಕ್ಕ ಮಾತ್ರ ಹಾಗೆಯೇ ಇತ್ತು.

ಸಂತಾಪ ಸಭೆಯನ್ನು ಆ ಹಳೆಯ ಆಸ್ಪತ್ರೆಯಲ್ಲೇ ಇಟ್ಟುಕೊಂಡಿದ್ದರು. ಒಂದು ಕಾಲದ ಹೌಸ್ ಸರ್ಜನ್‌ಗಳೆಲ್ಲ ಕೂದಲು ನರೆತು, ಕೆಲವರು ಕೋಲೂರಿಕೊಂಡು ಬಂದಿದ್ದರು. ಮೊಳೆಗೆ ನೇತುಹಾಕಿದ ಬಿಳಿ ಕೋಟಿನ ಪಕ್ಕದಲ್ಲಿ ಅವನು ನಿಂತಿದ್ದ ಫೋಟೋಗೆ ಸುಗಂಧರಾಜದ ಹಾರ. ಹಿರಿಯನೆಂದು ಕೊನೆಯಲ್ಲಿ ನಾನು ಮಾತಾಡಬೇಕಿತ್ತು. ಈ ಸಲ ಹೇಳಿಯೇಬಿಡುವುದು ಎಂದು ಮನೆಯಿಂದಲೇ ಗಟ್ಟಿ ಮಾಡಿಕೊಂಡು ಬಂದಿದ್ದೆ. ಕಹಿಯಾಗಿ ಅಲ್ಲ, ನಗುನಗುತ್ತಲೇ. 'ಅವನ ಆ ಪ್ರಸಿದ್ಧ ಪ್ರಶ್ನೆ ಇದೆಯಲ್ಲ, ಅದನ್ನು ಮೊದಲು ಕೇಳಿದವನು ನಾನು' ಎಂದು. ಸತ್ತವನಿಗೆ ಅದರಿಂದ ಏನೂ ನಷ್ಟವಿಲ್ಲ. ನನಗೆ ಉಳಿದಿರುವುದು ಅದೊಂದೇ.

ನನಗಿಂತ ಮೊದಲು ಒಬ್ಬ ಹೆಂಗಸು ಮಾತಾಡಲು ಎದ್ದಳು. ನೆತ್ತಿಯ ಮೇಲಿನ ಎಲೆಯನ್ನು ಗಲೀಜು ಎಂದಿದ್ದ ಹುಡುಗಿ. ಈಗ ದೊಡ್ಡ ಆಸ್ಪತ್ರೆಯೊಂದರಲ್ಲಿ ಮಕ್ಕಳ ತುರ್ತು ಚಿಕಿತ್ಸೆಗೆ ಅವಳೇ ಮುಖ್ಯಸ್ಥೆ, ನೂರಾರು ಹುಡುಗರನ್ನು ತಯಾರು ಮಾಡಿದವಳು. ಎಲೆಯ ಕಥೆ ಹೇಳಿದಳು, ಆಡುಮರಿಯ ಕಥೆ ಹೇಳಿದಳು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದಳು:

"ಇದು ಇವನ ಅಳುವೇನಮ್ಮಾ ಅಂತ ನಾವು ಇವತ್ತಿಗೂ ಕೇಳ್ತೀವಿ. ನಮ್ಮ ಹುಡುಗರೂ ಕೇಳ್ತಾರೆ. ಆ ಒಂದು ಪ್ರಶ್ನೆಯಿಂದ ಎಷ್ಟು ಮಕ್ಕಳು ಉಳಿದಿವೆಯೋ ದೇವರಿಗೇ ಗೊತ್ತು. ಅದನ್ನ ಹೇಳಿಕೊಡುವಾಗ ಪ್ರತೀ ಸಲ ಸಾರ್ ಒಂದು ಮಾತು ಸೇರಿಸ್ತಿದ್ರು. ಇದು ನಂದಲ್ಲ ಕಣ್ರಪ್ಪಾ, ಮೇಲೆ ಕೂತಿದಾನಲ್ಲ ನಿಮ್ಮ ಮುಖ್ಯಸ್ಥ, ಅವನದು, ಅವನ ಬಾಯಲ್ಲಿ ಬಂದಿದ್ದು, ಹೋಗಿ ಅವನಿಗೆ ನಮಸ್ಕಾರ ಮಾಡಿ ಅಂತ. ನಾವು ಒಬ್ಬರೂ ನಂಬಲಿಲ್ಲ." ಸಭೆಯಲ್ಲಿ ಸಣ್ಣಗೆ ನಗು ಎದ್ದಿತು. ಅವಳೂ ನಕ್ಕಳು. "ತಮ್ಮದೆಲ್ಲ ಬೇರೆಯವರದು ಅನ್ನೋದು ಅವರ ಅಭ್ಯಾಸ. ಅವರ ವಿನಯ ಅಂಥಾದ್ದು. ಆ ಮುಖ್ಯಸ್ಥರೇ ಇಲ್ಲಿ ಕೂತಿದ್ದಾರೆ, ಬೇಕಾದ್ರೆ ಕೇಳೋಣ. ಅಲ್ವಾ ಸಾರ್? ನೀವೇ ಹೇಳಿ."

ಮೈಕು ನನ್ನ ಕೈಗೆ ಬಂತು. ಎಲ್ಲರೂ ನನ್ನ ಕಡೆ ತಿರುಗಿದರು. ಇಷ್ಟು ವರ್ಷ ಕಳ್ಳ ಎಂದುಕೊಂಡವನು ಪ್ರತೀ ಸಲವೂ ನನ್ನ ಸೊತ್ತನ್ನು ನನ್ನ ಬಾಗಿಲಿಗೇ ಕಳಿಸಿದ್ದ. ತರಬೇಕಾದವರು ದಾರಿಯಲ್ಲೇ ಅದನ್ನು ಅವನಿಗೇ ವಾಪಸು ಕೊಟ್ಟುಬಿಟ್ಟಿದ್ದರು. ಕುರ್ಚಿ ಹಿಡಿದು ಎದ್ದೆ. ನನಗಾದದ್ದು ಸಿಟ್ಟೋ, ದುಃಖವೋ, ಏನೆಂದು ಇಂದಿಗೂ ಗೊತ್ತಿಲ್ಲ. ಅವನು ಒಂದು ಸಲ ಎದುರಿಗೆ ಬಂದು 'ಬಾರೋ' ಎಂದಿದ್ದರೆ ಸಾಕು ಎನಿಸಿತು. ಗಟ್ಟಿ ಮಾಡಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. ನಿಜ ಹೇಳಬೇಕು, ಅಷ್ಟೇ ನನಗೆ ಹೊಳೆದದ್ದು.

"ಅವನು ಜೀವನದಲ್ಲಿ ಒಂದು ಸುಳ್ಳೂ ಹೇಳಿದವನಲ್ಲ" ಎಂದೆ.

ಸಂತಾಪ ಸಭೆಯಲ್ಲಿ ಚಪ್ಪಾಳೆ ತಟ್ಟಬಾರದು ಎಂಬುದನ್ನೂ ಮರೆತು ಜನ ತಟ್ಟಿದರು. ಆ ಹೆಂಗಸು ಕಣ್ಣೊರೆಸಿಕೊಳ್ಳುತ್ತ ಬಂದು ನನ್ನ ಕೈ ಹಿಡಿದು, "ಅವರ ಬಗ್ಗೆ ಇದಕ್ಕಿಂತ ಒಳ್ಳೇ ಮಾತು ಯಾರೂ ಆಡ್ಲಿಲ್ಲ ಸಾರ್" ಎಂದಳು.